ತಣ್ಣಗೆ ಒಣಗಿಸಿದ ಹಾಪ್ಸ್

ಎಲ್ಡನ್ ರಸೀನ್ ಮೂವತ್ತನಾಲ್ಕು ಸುಗ್ಗಿಗಳನ್ನು ಮಾಕ್ಸಿ ಎಂಬ ಊರಿನ ಒಂದೇ ಭಟ್ಟಿಮನೆಯಲ್ಲಿ ಕಳೆದಿದ್ದ. ಬಿಯರ್‌ಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂಗಳು ತೋಟದಿಂದ ಹಸಿಯಾಗಿ ಬಂದಾಗ ಅವನ್ನು ಸೊಂಟದೆತ್ತರ ಹರಡಿ, ಕೆಳಗಿನಿಂದ ಬಿಸಿಗಾಳಿ ಬಿಟ್ಟು ಒಣಗಿಸುವುದು ಅವನ ಕೆಲಸ. ಒಂದು ಹೂವನ್ನು ಅಂಗೈಯಲ್ಲಿ ಉಜ್ಜಿ, ನಡುವಿನ ಕಡ್ಡಿಯನ್ನು ಕಿವಿಯ ಹತ್ತಿರ ಮುರಿದರೆ ಸಾಕು, ಇನ್ನೆಷ್ಟು ಹೊತ್ತು ಬೇಕೆಂದು ಹೇಳಿಬಿಡುತ್ತಿದ್ದ. ಅಳೆಯುವ ಯಂತ್ರ ಬಂದ ಮೇಲೂ ಮಾಲೀಕರು ಅವನನ್ನೇ ಕರೆಯುತ್ತಿದ್ದರು. ಅದೊಂದು ವಿಷಯ ಬಿಟ್ಟರೆ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಹೆಂಡತಿ ಬಿಟ್ಟುಹೋಗಿ ಹನ್ನೊಂದು ವರ್ಷವಾಗಿತ್ತು. ಎರಡು ಮನೆ ಆಚೆಯ ವೆಂಡೆಲ್ ಓಕ್ಸ್ ಮತ್ತು ಅವನ ಹೆಂಡತಿ ಆರ್ಲೀನ್ ಭಾನುವಾರ ಊಟಕ್ಕೆ ಕರೆಯುತ್ತಿದ್ದರು. ಅವನಿಗೆ ಇದ್ದ ಬಳಗ ಅಷ್ಟೇ.

ಊರಲ್ಲಿ ಮನೆಯಲ್ಲೇ ಬಿಯರ್ ಮಾಡುವವರ ಗುಂಪೊಂದಿತ್ತು. ಸೆಪ್ಟೆಂಬರಿನ ಜಿಲ್ಲಾ ಮೇಳದಲ್ಲಿ ಅವರ ಸ್ಪರ್ಧೆ ನಡೆಯುತ್ತಿತ್ತು. ಎಲ್ಡನ್ ಎಂಟು ವರ್ಷ ಬಿಯರ್ ಕೊಟ್ಟಿದ್ದ, ಒಮ್ಮೆಯೂ ಗೆದ್ದಿರಲಿಲ್ಲ. ಈ ಸಲ ಚಳಿಗಾಲವಿಡೀ ಕೂತು ತನ್ನದೇ ಒಂದು ಪಾಕ ಬರೆದ. ಐದು ಗ್ಯಾಲನ್‌ಗೆ ಹದಿನೆಂಟು ಪೌಂಡ್ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅಮಲು ಏರಬೇಕು, ನಾಲಿಗೆಗೆ ಭಾರವಾಗಬಾರದು, ಅದಕ್ಕೆ ಒಂದು ಪೌಂಡ್ ಸಕ್ಕರೆ. ಕಹಿಗೆಂದು, ಕುದಿ ಬಂದ ಕೂಡಲೇ ಮೂರು ಔನ್ಸ್ ಹಾಪ್ಸ್, ಒಲೆ ಆರಿಸಿದ ಮೇಲೆ ನಾಲ್ಕು. ಹುದುಗು ನಿಂತ ನಂತರ ಪರಿಮಳಕ್ಕಾಗಿ ಇನ್ನೂ ಎಂಟು ಔನ್ಸ್ ಒಣ ಹಾಪ್ಸ್ ಮುಳುಗಿಸಿ ಐದು ದಿನ ಬಿಡುವುದು.

ಪಾಕದ ಜೀವ ಇದ್ದದ್ದು ಆ ಕೊನೆಯ ಎಂಟು ಔನ್ಸಿನಲ್ಲಿ. ಭಟ್ಟಿಯ ಬಿಸಿ ನೂರನಲವತ್ತು ಡಿಗ್ರಿ ಫ್ಯಾರನ್‌ಹೀಟ್. ಅಷ್ಟು ಕಾವಿಗೆ ಅರ್ಧ ಪರಿಮಳ ಹಾರಿಹೋಗುತ್ತದೆ ಎಂಬುದು ಎಲ್ಡನ್ನನ ಹಳೆಯ ಸಂಕಟ. ಹಿಂದಿನ ಸುಗ್ಗಿಯಲ್ಲಿ ಅವನು ತನ್ನ ಪಾಲಿನ ಹೂಗಳನ್ನು ಭಟ್ಟಿಮನೆಯ ಮೂಲೆಯಲ್ಲಿ ಬಟ್ಟೆಯ ಮೇಲೆ ಹರಡಿ, ನೂರರ ಆಸುಪಾಸಿನಲ್ಲಿ ಎರಡು ದಿನ ಒಣಗಿಸಿದ್ದ. ವೆಂಡೆಲ್ ಮೂಸಿ ನೋಡಿ ಮುಖ ಸಿಂಡರಿಸಿದ್ದ.

“ಇದೇನೋ, ಹಸಿ ಹುಲ್ಲು ಕಟ್ಟಿಟ್ಟಂಗಿದೆ! ನಿಮ್ಮಪ್ಪ ಇದ್ದಿದ್ರೆ ಭಟ್ಟಿಯಿಂದ ಆಚೆ ಹಾಕ್ತಿದ್ದ ನಿನ್ನ.”

“ನಿಂಗೇನು ಗೊತ್ತು? ನಲವತ್ತು ವರ್ಷ ಬಸ್ ಓಡಿಸ್ತಾ ಹೊಗೆ ಕುಡಿದ ಮೂಗು ಅದು.”

“ಆಯ್ತಪ್ಪಾ ಪ್ರೊಫೆಸರ್. ಕೆಟ್ಟೋದ್ರೆ ಗುಂಪಿಗೆಲ್ಲ ನಾನೇ ಹೇಳೋದು, ನೋಡ್ತಿರು.”

ಜುಲೈನಲ್ಲಿ ಇಬ್ಬರೂ ಸೇರಿ ಬಿಯರ್ ಕುದಿಸಿದರು. ಆಗಸ್ಟಿನಲ್ಲಿ ಬಾಟಲಿಗೆ ತುಂಬಿ, ತಲಾ ಇಪ್ಪತ್ತನಾಲ್ಕು ಹಂಚಿಕೊಂಡರು. ಎಲ್ಡನ್ ತನ್ನವನ್ನು ಗ್ಯಾರೇಜಿನಲ್ಲಿಟ್ಟ. ವೆಂಡೆಲ್ ತನ್ನ ಪೆಟ್ಟಿಗೆಯನ್ನು ಅಡುಗೆಮನೆಯ ಒಲೆ ಪಕ್ಕದ ಉಗ್ರಾಣದಲ್ಲಿಟ್ಟ.

ಮೇಳ ಶನಿವಾರವಿತ್ತು. ಸೋಮವಾರ ಬೆಳಿಗ್ಗೆ ಎಲ್ಡನ್ ಗ್ಯಾರೇಜಿಗೆ ಹೋದಾಗ ನೆಲ ಒದ್ದೆಯಾಗಿತ್ತು. ಒಂದು ಬಾಟಲಿ ಒಡೆದು, ಗಾಜಿನ ಚೂರು ಎದುರಿನ ಮರದ ಹಲಗೆಗೆ ಚುಚ್ಚಿಕೊಂಡಿತ್ತು. ಚರ್ಮದ ಕೈಗವಸು ಹಾಕಿಕೊಂಡು ಇನ್ನೊಂದನ್ನು ತೆರೆದ. ನೊರೆ ಸೂರಿಗೆ ಚಿಮ್ಮಿತು. ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿ, ಸಿಹಿ ಅಳೆಯುವ ಗಾಜಿನ ಕಡ್ಡಿ ಇಳಿಬಿಟ್ಟ. ಬಾಟಲಿಗೆ ತುಂಬಿದಾಗ ಇದ್ದ ಸಿಹಿ ಈಗ ಇರಲಿಲ್ಲ.

ಅವನಿಗೆ ಅರ್ಥವಾಯಿತು. ಯೀಸ್ಟ್ ತಿನ್ನಲಾರದ ಒಂದಿಷ್ಟು ಸಕ್ಕರೆ ಬಿಯರಿನಲ್ಲಿ ಉಳಿದೇ ಇರುತ್ತದೆ. ಅದನ್ನು ಒಡೆದು, ಯೀಸ್ಟ್ ತಿನ್ನುವಂತೆ ಮಾಡುವ ಗುಣ ಹಾಪ್ಸ್‌ಗಿದೆ. ಭಟ್ಟಿಯ ಕಾವು ಆ ಗುಣವನ್ನು ಬಹಳಷ್ಟು ಕೊಲ್ಲುತ್ತದೆ. ಎಲ್ಡನ್ ತಣ್ಣಗೆ ಒಣಗಿಸಿ ಅದನ್ನು ಉಳಿಸಿಬಿಟ್ಟಿದ್ದ. ಮುಚ್ಚಿದ ಬಾಟಲಿಗಳೊಳಗೆ ಹುದುಗು ಮತ್ತೆ ಎದ್ದು ಒತ್ತಡ ಏರಿತ್ತು.

ಲೋಟದ ತಳದಲ್ಲಿದ್ದುದನ್ನು ಕುಡಿದ. ಅಂಥದ್ದನ್ನು ಅವನು ಈ ಮೊದಲು ಕುಡಿದಿರಲಿಲ್ಲ. ಕಿತ್ತಳೆ ಸಿಪ್ಪೆ, ಪೈನ್ ಮರದ ಅಂಟು, ಆಮೇಲೆ ಗಂಟಲಲ್ಲಿ ನಿಲ್ಲುವ ಕಹಿ. ಈ ಸಲ ಗೆಲ್ಲುತ್ತೇನೆ ಎಂದುಕೊಂಡ. ಉಳಿದ ಇಪ್ಪತ್ತೆರಡು ಬಾಟಲಿಗಳನ್ನು ಒಂದೊಂದಾಗಿ ಫ್ರಿಜ್ಜಿಗೆ ಸೇರಿಸಿದ. ತಂಪಿನಲ್ಲಿ ಹುದುಗು ಮಲಗುತ್ತದೆ.

ವೆಂಡೆಲ್‌ಗೆ ಒಂದು ಮಾತು ಹೇಳಬೇಕಿತ್ತು. ಫ್ರಿಜ್ಜಿಗಿಡು ಅಂದರೆ ಸಾಕಿತ್ತು. ಆದರೆ ಅವನು ಯಾಕೆ ಎಂದು ಕೇಳುತ್ತಾನೆ, ಮೇಳಕ್ಕೆ ಮೊದಲೇ ಗುಂಪಿಗೆಲ್ಲ ಗೊತ್ತಾಗುತ್ತದೆ. ಸುಗ್ಗಿಯ ನಡುವೆ ಮಾಲೀಕರ ಕಿವಿಗೂ ಬೀಳುತ್ತದೆ, ರಸೀನ್‌ಗೆ ಒಣಗಿಸಲು ಬರುವುದಿಲ್ಲವಂತೆ ಎಂದು.

ಮಂಗಳವಾರ ವೆಂಡೆಲ್ ಬೇಲಿಯ ಹತ್ತಿರ ಸಿಕ್ಕಿದ.

“ಏನೋ ಪ್ರೊಫೆಸರ್, ನಿನ್ನ ಬಾಟ್ಲಿ ಮಕ್ಕಳು ಹೇಗಿದಾರೆ?”

“ಚೆನ್ನಾಗಿದಾರೆ.”

“ನಂದೂ ಅಷ್ಟೇ. ಆರ್ಲೀನ್ ಚೀಟಿ ಅಂಟಿಸ್ತಿದಾಳೆ. ನಿನ್ನ ಹೆಸರೇ ದೊಡ್ಡದಾಗಿ ಬರೆದಿದಾಳೆ ಕಣೋ, ನನ್ನದು ಕೆಳಗೆಲ್ಲೋ ಇರುವೆ ಥರ.”

ಎಲ್ಡನ್ ನಕ್ಕ. ಬಾಯಿ ತೆರೆದು, “ಬಿಸಿಲು ಜೋರಾಗಿದೆ” ಎಂದಷ್ಟೇ ಹೇಳಿ ಕೆಲಸಕ್ಕೆ ಹೋದ. ಬುಧವಾರವೂ ಸುಮ್ಮನಿದ್ದ. ಇನ್ನು ಮೂರು ದಿನ ತಾನೇ, ಆಮೇಲೆ ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಗುರುವಾರ ಮಧ್ಯಾಹ್ನ ಆರ್ಲೀನ್ ಹಿಟ್ಟು ತೆಗೆಯಲು ಉಗ್ರಾಣದ ಬಾಗಿಲು ತೆರೆದಳು. ಒಂದು ಬಾಟಲಿ ಸಿಡಿಯಿತು, ಅದರ ಹಿಂದೆಯೇ ಇನ್ನೆರಡು. ಭಟ್ಟಿಮನೆಗೆ ಸುದ್ದಿ ಬಂದಾಗ ಎಲ್ಡನ್ ಹೂವಿನ ಕಡ್ಡಿ ಮುರಿದು ಕಿವಿಗೆ ಹಿಡಿದಿದ್ದ.

ಶುಕ್ರವಾರ ಪಕ್ಕದ ಯಾಕಿಮಾ ಪಟ್ಟಣದ ಆಸ್ಪತ್ರೆಗೆ ಹೋದ. ಆರ್ಲೀನ್ ನಿದ್ದೆಯಲ್ಲಿದ್ದಳು, ಅರ್ಧ ಮುಖಕ್ಕೆ ಪಟ್ಟಿ ಕಟ್ಟಿದ್ದರು. ವೆಂಡೆಲ್ ಅಂಗಿಯನ್ನೂ ಬದಲಿಸಿರಲಿಲ್ಲ.

“ಎಡಗಣ್ಣು ಹೋಯ್ತು ಅಂದ್ರು,” ಎಂದ. “ಬಾಟ್ಲಿ ನಾನು ಸರಿಯಾಗಿ ನೋಡ್ಬೇಕಿತ್ತು. ಹಳೇ ಬಾಟ್ಲಿ ಬೇಡ ಅಂತ ಅವಳು ಬಡ್ಕೊಂಡ್ಳು. ಬಿರುಕಿತ್ತೇನೋ. ನಂದೇ ತಪ್ಪು.”

ಎಲ್ಡನ್ ಸುಮ್ಮನಿದ್ದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ವೆಂಡೆಲ್ ಬದುಕಿಡೀ ಆ ಬಿರುಕನ್ನು ಹೊರುತ್ತಿದ್ದ.

“ಬಾಟ್ಲಿದಲ್ಲ ತಪ್ಪು. ಸೋಮವಾರ ನಂದೂ ಒಂದು ಒಡೀತು.”

ವೆಂಡೆಲ್ ತಲೆಯೆತ್ತಿದ. “ಸೋಮವಾರ?”

“ಹೂಂ.”

“ಉಳಿದಿದ್ದು ಏನ್ ಮಾಡ್ದೆ?”

“ಫ್ರಿಜ್ಜಿಗೆ ಇಟ್ಟೆ.”

“ನಿನ್ನವನ್ನ.”

“ನನ್ನವನ್ನ.”

ವೆಂಡೆಲ್ ಕೈ ಎತ್ತಲಿಲ್ಲ, ಕೂಗಲಿಲ್ಲ. ಹೆಂಡತಿಯ ಹೊದಿಕೆಯನ್ನು ಭುಜದವರೆಗೆ ಎಳೆದ. ಆಮೇಲೆ, “ಅವಳಿಗೆ ಎಚ್ಚರ ಆದಾಗ ನೀನೇ ಹೇಳು. ನನ್ನ ಬಾಯಲ್ಲಿ ಅದು ಬರಲ್ಲ,” ಎಂದು ಹೊರಗೆ ಹೋದ.

ಎಲ್ಡನ್ ಮಂಚದ ಪಕ್ಕ ಕೂತ. ಸುಮಾರು ಒಂದು ಗಂಟೆಯ ನಂತರ ಆರ್ಲೀನ್ ಬಲಗಣ್ಣು ತೆರೆದು ಅವನನ್ನು ಗುರುತಿಸಿದಳು.

“ನೀನಾ? ಕೆಲಸ ಬಿಟ್ಟು ಯಾಕೆ ಬಂದೆಯೋ,” ಎಂದಳು, ತೊದಲುತ್ತಾ. “ನಮ್ಮದಂತೂ ಹೋಯ್ತು. ನಾಳೆ ನಿಂದಾದ್ರೂ ಮೇಳಕ್ಕೆ ಕೊಡ್ತೀಯ ತಾನೇ?”

“ಇಲ್ಲ,” ಎಂದ ಎಲ್ಡನ್. ಆಮೇಲೆ ಸೋಮವಾರ ಬೆಳಿಗ್ಗೆಯಿಂದ ಶುರುಮಾಡಿ ಹೇಳತೊಡಗಿದ.