ಮಗು ಒದೀತೇನೇ?
ನಮ್ಮ ರಾಮಮೂರ್ತಿ ನಗರದ ವಠಾರದ ಒಡತಿ ಮುನಿಶಾಮಮ್ಮ ಪ್ರತಿ ಬೆಳಿಗ್ಗೆ ತುಳಸಿಗೆ ನೀರೆರೆದು, ಬಸುರಿ ಬಾಡಿಗೆದಾರಳ ಬಾಗಿಲು ತಟ್ಟಿ, “ಮಗು ಒದೀತೇನೇ?” ಎಂದು ಕೇಳುತ್ತಾರೆ. ಉತ್ತರ ಸಿಗುವವರೆಗೆ ಕಾಫಿ ಕುಡಿಯರು, ನೀರಿನ ಮೋಟರೂ ಹಾಕರು. ಬಸುರಿ ಬೆಕ್ಕನ್ನೂ ವಿಚಾರಿಸದೆ ಬಿಟ್ಟವರಲ್ಲ. ಏಕಿಷ್ಟು ಕಾತರವೋ ಎಂದು ನನಗೆ ಕುತೂಹಲ. ಮೊನ್ನೆ ಮೇಲ್ಮನೆಯ ತುಂಬುಬಸುರಿ ಸುಕನ್ಯ, “ಡಾಕ್ಟ್ರು ಯಾವತ್ತು ಬೇಕಾದ್ರೂ ಡ್ರಿಪ್ ಹಾಕಿ ನೋವು ಬರಿಸ್ತಾರಂತೆ ಅಜ್ಜಿ. ಒಳ್ಳೇ ದಿನ ನೀವೇ ಇಟ್ಕೊಡಿ,” ಎಂದಳು. ಎಂದೂ ತುಳಿಯದ ಹೊಸ್ತಿಲ ಮೇಲೆ ಅಜ್ಜಿ ಕುಳಿತುಬಿಟ್ಟರು. “ರೋಹಿಣೀಲಿ ಹುಟ್ಟಿದ್ರೆ ಸೋದರಮಾವನಿಗೆ ಆಗಲ್ಲ ಅಂತ, ನನ್ನ ಮಗಳು ಹಂಸಂಗೆ ಹಿಂದಿನ ದಿನವೇ ಡ್ರಿಪ್ ಹಾಕ್ಸಿದ್ದು ನಾನೇ. ನೋವು ಬಿಡುವಿಲ್ದಂಗೆ ಬಂತು. ಮಗು ಎದೆಬಡಿತ ನೋಡ್ರೀ ಅಂತ ಎಷ್ಟು ಕೂಗಿದ್ರೂ ಯಾರೂ ಬರ್ಲಿಲ್ಲ. ಮಗು ಅಳಲೇ ಇಲ್ಲ ಕಣೇ. ಡ್ರಿಪ್ ಹಾಕೋಕೆ ಕಾರಣ ಇದ್ರೆ ಡಾಕ್ಟ್ರೇ ಹೇಳ್ಲಿ. ದಿನ ಮಾತ್ರ ನಾನಿಡಲ್ಲ.”