ಬಜೆಟ್ಟಿಗೆ ಹೊಂದಿದ ಕೋಳಿ ಸಾರು

ಹೊಸ ಎಕ್ಸ್‌ಪ್ರೆಸ್‌ವೇ ಬಂದಮೇಲೆ ಹಳೇ ಹೆದ್ದಾರಿಯ ಅಂಗಡಿಯವರಿಗೆ ಸ್ವಲ್ಪ ತೊಂದರೆಯಾಗಿದೆ ಎಂದು ಪೇಪರಿನಲ್ಲಿ ಬಂದಿತ್ತು. ಸ್ವಲ್ಪವಂತೆ! ಅದನ್ನು ಬರೆದ ಪುಣ್ಯಾತ್ಮ ಒಂದು ದಿನ ಬಂದು ನನ್ನ ಪಂಕ್ಚರ್ ಅಂಗಡಿಯಲ್ಲಿ ಕೂರಬೇಕಿತ್ತು. ರಾಮನಗರ ಬಿಟ್ಟು ಚನ್ನಪಟ್ಟಣದ ಕಡೆ ಹೋಗುವಾಗ ಎಡಗಡೆಗೆ ನನ್ನ ಅಂಗಡಿ, ಅದಕ್ಕೆ ಅಂಟಿಕೊಂಡ ಹಾಗೆ ಕೆಂಪರಾಜುವಿನ ಮುದ್ದೆ ಹೋಟೆಲು. ಮೊದಲು ಈ ರಸ್ತೆ ದಾಟಬೇಕಾದರೆ ಮನೆದೇವರನ್ನು ನೆನೆಸಿಕೊಂಡು ದಾಟಬೇಕಿತ್ತು. ಈಗ ನಡುರಸ್ತೆಯಲ್ಲಿ ನಾಯಿಗಳು ಕಾಲು ಚಾಚಿ ಮಲಗುತ್ತವೆ. ನನ್ನದು ಬಿಡಿ, ಪಂಕ್ಚರ್ ಹಾಕುವವನು ಎಲ್ಲಿ ಕೂತರೂ ಒಂದು ತುತ್ತು ಸಂಪಾದಿಸುತ್ತಾನೆ. ಹೇಳಬೇಕಾದ್ದು ಕೆಂಪರಾಜುವಿನ ವಿಷಯ.

ಕೆಂಪರಾಜು ಕೈಲಾಂಚದ ಕಡೆಯವನು. ಅಣ್ಣತಮ್ಮಂದಿರು ಪಾಲಾದಾಗ ಇವನಿಗೆ ಬಂದ ಜಮೀನಿನಲ್ಲಿ ಟವೆಲ್ ಹಾಸಿ ಮಲಗಿದರೆ ಕಾಲು ಪಕ್ಕದವನ ಹೊಲಕ್ಕೆ ಹೋಗುತ್ತಿತ್ತು. ಹಾಗಾಗಿ ರಾಮನಗರಕ್ಕೆ ಬಂದು ಒಂದು ಹೋಟೆಲಿನಲ್ಲಿ ತಟ್ಟೆ ತೊಳೆದ, ನೀರು ಇಟ್ಟ, ಬಡಿಸಿದ. ವರ್ಷಗಟ್ಟಲೆ ನಿಂತೇ ದುಡಿದವನಿಗೆ ಒಂದೇ ಆಸೆ: ತನ್ನದೇ ಒಂದು ಗಲ್ಲಾ, ಅದರ ಹಿಂದೆ ತಾನು ಕೂತಿರಬೇಕು. ಮದುವೆಯಾದ ಮೇಲೆ ಹೆಂಡತಿ ಕೆಂಚಮ್ಮ ತವರಿನಿಂದ ತಂದಿದ್ದ ಎರಡು ಸೀಮೆಹಸುಗಳನ್ನು ಮಾರಿ, ಚೆಲುವಯ್ಯ ಎಂಬುವರ ಕಟ್ಟಡ ಬಾಡಿಗೆಗೆ ಹಿಡಿದು, ಈ ಹೋಟೆಲು ಶುರು ಮಾಡಿದರು. ಹಸುಗಳನ್ನು ಹೊಡೆದುಕೊಂಡು ಹೋದ ದಿನ ಕೆಂಚಮ್ಮ ಊಟ ಬಿಟ್ಟಿದ್ದಳಂತೆ.

ಬೋರ್ಡಿನ ಮೇಲೆ ‘ನಾಟಿ ಕೋಳಿ ಸಾರು, ಮುದ್ದೆ’ ಎಂದಷ್ಟೇ ಬರೆಸಿದ್ದರು. ಹೋಟೆಲಿಗೆ ಹೆಸರಿಟ್ಟವರು ಗಿರಾಕಿಗಳು. ‘ಕೆಂಚವ್ವನ ಹೋಟ್ಲು’ ಎಂದೇ ಬೆಂಗಳೂರಿನಿಂದ ಮೈಸೂರಿನವರೆಗೆ ಹೆಸರಾಯಿತು. ದುಡ್ಡು ಎಣಿಸುವವನು ತಾನು, ಹೆಸರು ಮಾತ್ರ ಅವಳದು ಎಂದು ಕೆಂಪರಾಜುವಿಗೆ ಒಳಗೊಳಗೇ ಸ್ವಲ್ಪ ಉರಿಯುತ್ತಿತ್ತು. ಆದರೆ ಅವಳ ಸಾರು ತಿಂದವನು ಯಾರೂ ಆ ಹೆಸರಿಗೆ ತಕರಾರು ಮಾಡುವಂತಿರಲಿಲ್ಲ. ಕೋಳಿಯನ್ನು ಬೆಂಕಿಯಲ್ಲಿ ಸುಟ್ಟು, ಅರಿಶಿನ ಸವರಿ ತೊಳೆದು, ಮಸಾಲೆಯನ್ನು ಕೈ ಬಿಗಿಹಿಡಿದು ಹಾಕುತ್ತಿದ್ದಳು. ತೆಳ್ಳಗಿನ ಸಾರು, ಗಟ್ಟಿ ಮೂಳೆ. ಒಳಗೆ ಬೇಯಿಸುವುದು, ಮುದ್ದೆ ತಿರುವುವುದು ಎಲ್ಲ ಮುಗಿಸಿ, ಎರಡನೇ ಸಲ ಸಾರು ಬಿಡುವುದಕ್ಕೆ ಮಾತ್ರ ಅವಳೇ ಹೊರಗೆ ಬರುತ್ತಿದ್ದಳು. ಆ ಕೆಲಸವನ್ನು ಬಡಿಸುವವರಿಗೆ ಬಿಟ್ಟಿದ್ದೇ ಇಲ್ಲ. ಬೇಡ ಎಂದರೂ ಬಿಟ್ಟು, “ಉಣ್ಣಣ್ಣ, ದೂರ ಹೋಗ್ಬೇಕು” ಎನ್ನುವಳು.

ಆ ಕಾಲದಲ್ಲಿ ಬಜೆಟ್ಟು ಎಂಬ ಮಾತನ್ನೇ ಕೆಂಪರಾಜು ಆಡಿದವನಲ್ಲ. ಗಲ್ಲಾದಿಂದ ತೆಗೆದು ಕೋಳಿಯವನಿಗೆ ಕೊಟ್ಟ, ಗ್ಯಾಸಿನವನಿಗೆ ಕೊಟ್ಟ, ಉಳಿದದ್ದು ಲಾಭ. ಹೊಸ ರಸ್ತೆ ಓಡಾಟಕ್ಕೆ ಬಿಟ್ಟ ವಾರದಲ್ಲೇ ಅರ್ಧ ಟೇಬಲ್ಲುಗಳು ಖಾಲಿಯಾದವು. ಮೊದಮೊದಲು, “ಹೊಸದು ಕಣ್ ಮರಿಯಣ್ಣ, ಎಲ್ಲ ನೋಡಕ್ಕೆ ಹೋಗವ್ರೆ, ವಾಪಸ್ ಬತ್ತಾರೆ” ಎಂದು ನನಗೇ ಧೈರ್ಯ ಹೇಳುತ್ತಿದ್ದ. ಆ ಸಾರಿನ ರುಚಿ ಬಿಡಲಾರದ ಕೆಲವರನ್ನು ಬಿಟ್ಟರೆ ಯಾರೂ ಬರಲಿಲ್ಲ. ತಿರುವಿಟ್ಟ ಮುದ್ದೆ ಸಂಜೆಗೆ ಪಕ್ಕದ ಹಟ್ಟಿಯ ಎಮ್ಮೆಗೆ ಹೋಗುತ್ತಿತ್ತು. ಆ ಎಮ್ಮೆ ಆ ವರ್ಷ ಕೊಬ್ಬಿ ಕೊಬ್ಬಿ ನಡೆಯಲಾರದೆ ಹೋಯಿತು.

ಎಕ್ಸ್‌ಪ್ರೆಸ್‌ವೇ ಪಕ್ಕದ ಊಟದ ಮಳಿಗೆಯೊಂದರವರು ಗಂಡಹೆಂಡತಿ ಇಬ್ಬರಿಗೂ ಅಡುಗೆ ಕೆಲಸ ಕೊಡುತ್ತೇವೆ ಎಂದು ಹೇಳಿಕಳಿಸಿದರು. ತಿಂಗಳ ಸಂಬಳ, ತಲೆಗೆ ಟೋಪಿ. ಕೆಂಚಮ್ಮ ಹೂಂ ಅನ್ನುವುದರಲ್ಲಿದ್ದಳು. ಇವನು ಒಪ್ಪಲಿಲ್ಲ.

“ಮತ್ತೆ ಇನ್ನೊಬ್ಬನ ಗಲ್ಲಾ ಮುಂದೆ ಕೈಕಟ್ಕಂಡು ನಿಂತ್ಕಳಾ? ನನ್ನ ಕೈಲಾಗಕಿಲ್ಲ. ಈ ಹೋಟ್ಲು ಹೋದ್ರೆ ನಾನೂ ಹೋದಂಗೇಯ” ಎಂದ.

ಕಟ್ಟಡದ ಕರಾರು ಮುಗಿಯುತ್ತಾ ಬಂದಿತ್ತು. ಯುಗಾದಿಯೊಳಗೆ ಕರಾರು ಮುಂದುವರಿಸುತ್ತೇನೆ ಅನ್ನು, ಇಲ್ಲದಿದ್ದರೆ ಗೋಡೌನಿಗೆ ಕೊಟ್ಟುಬಿಡುತ್ತೇನೆ ಎಂದು ಚೆಲುವಯ್ಯ ಹೇಳಿ ಹೋಗಿದ್ದರು. ಅಷ್ಟರೊಳಗೆ ಹೋಟೆಲು ತನ್ನ ಖರ್ಚು ತಾನು ಹುಟ್ಟಿಸಿಕೊಂಡರೆ ಉಳಿಯುತ್ತದೆ, ಇಲ್ಲದಿದ್ದರೆ ಬೀಗ. ಕೆಂಪರಾಜು ಹಗಲೂ ರಾತ್ರಿ ಅದೊಂದನ್ನೇ ಜಪಿಸತೊಡಗಿದ. ಗಡ್ಡ ಬಿಟ್ಟ. ಸೊರಗಿದ. ಅವನನ್ನು ನೋಡಿದರೆ ನನಗೆ ಭಯವಾಗುತ್ತಿತ್ತು.

ಒಂದು ಮಧ್ಯಾಹ್ನ ದೊಡ್ಡ ರಟ್ಟಿನ ಪೆಟ್ಟಿಗೆ ಹರಿದುಕೊಂಡು ನನ್ನ ಅಂಗಡಿಗೆ ಬಂದ. “ಬಾ ಮರಿಯಣ್ಣ, ನೀನು ಪಿಯುಸಿ ಓದಿದೀಯ. ಬಜೆಟ್ ಬರೀವ” ಎಂದ. ನಾನು ಪಿಯುಸಿ ಫೇಲು, ಅದು ಅವನಿಗೂ ಗೊತ್ತು. ರಾಗಿ, ಅಕ್ಕಿ, ಕೋಳಿ, ಗ್ಯಾಸು, ಕರೆಂಟು, ಬಾಡಿಗೆ, ಸಂಬಳ ಎಂದು ಒಂದರ ಕೆಳಗೊಂದು ಬರೆದೆವು. ಬಂದೀತೆಂಬ ವ್ಯಾಪಾರವನ್ನು ಅವನು ಹೇಳಿದ್ದಕ್ಕಿಂತ ಕಡಿಮೆ ಮಾಡಿ ಬರೆಸಿದೆ. ಕೂಡಿ ಕಳೆದಾಗ ಬಾಡಿಗೆಯಷ್ಟು ದುಡ್ಡು ಅನಾಮತ್ತಾಗಿ ಕಡಿಮೆ ಬಿತ್ತು. ಕೆಂಪರಾಜು ಆ ರಟ್ಟನ್ನು ಗಲ್ಲಾದ ಹಿಂದೆ ಮೊಳೆ ಹೊಡೆದು ನೇತುಹಾಕಿದ. ಅಂದಿನಿಂದ ಹೋಟೆಲು ನಡೆಸಿದ್ದು ಅವನಲ್ಲ, ಆ ರಟ್ಟು.

ಮೊದಲು ಬಡಿಸುವ ಇಬ್ಬರನ್ನು ಬಿಡಿಸಿ ತಾನೇ ಬಡಿಸತೊಡಗಿದ. ಬಾಳೆ ಎಲೆ ಹೋಗಿ ಸ್ಟೀಲ್ ತಟ್ಟೆ ಬಂತು. ನಿಂಬೆಹಣ್ಣು ಎರಡು ಹೋಳಾಗುತ್ತಿದ್ದದ್ದು ಆರು ಹೋಳಾಯಿತು. ಹಿಂಡಿದರೆ ಬೀಜ ಮಾತ್ರ ಬೀಳುತ್ತಿತ್ತು. ಗ್ಯಾಸು ಕಡಿಮೆ ಮಾಡಿ ಸೌದೆ ಒಲೆ ಹಾಕಿಸಿದ, ಕೆಂಚಮ್ಮನ ಕಣ್ಣು ಹೊಗೆಗೆ ಕೆಂಪಾಯಿತು. ಗಿರಾಕಿ ಒಳಗೆ ಬಂದಮೇಲೆ ಫ್ಯಾನು ಹಾಕುವುದು, ಕೈ ತೊಳೆಯಲು ಎದ್ದ ಕೂಡಲೇ ಆರಿಸುವುದು. ಕೆಲವರು ಇದನ್ನು ಕಂಡು ನಕ್ಕರು. ಕೆಂಪರಾಜು ನಗಲಿಲ್ಲ. ದಿನಾ ಸಂಜೆ ರಟ್ಟಿನ ಮುಂದೆ ನಿಂತು ಒಂದೊಂದೇ ಅಂಕಿ ಹೊಡೆದುಹಾಕಿ ಚಿಕ್ಕದು ಬರೆಯುತ್ತಿದ್ದ. ಇಷ್ಟೆಲ್ಲ ಮಾಡಿದರೂ ಕೂಡಿ ಕಳೆದಾಗ ಲೆಕ್ಕ ಸರಿಹೋಗಲಿಲ್ಲ. ರಟ್ಟಿನಲ್ಲಿ ಕೈ ಹಾಕದೆ ಉಳಿದದ್ದು ಕೋಳಿಯ ಸಾಲು ಒಂದೇ.

ನಾಟಿ ಕೋಳಿ ಕೊಳ್ಳುವ ದುಡ್ಡಿಗೆ ಫಾರಂ ಕೋಳಿ ಮೂರರಷ್ಟು ಬರುತ್ತಿತ್ತು. ಆ ಮಾತು ಬಂದಾಗ ನಾನು ಅಲ್ಲೇ ಕೂತಿದ್ದೆ.

“ಬೋರ್ಡ್ ಮೇಲೆ ನಾಟಿ ಕೋಳಿ ಅಂತ ಬರ್ಸಿ ಫಾರಂ ಕೋಳಿ ಬೇಯ್ಸಾ?” ಕೆಂಚಮ್ಮ ಕೇಳಿದಳು.

“ಯುಗಾದಿ ಗಂಟ ಕಣ್ ಕೆಂಚಿ. ಮಸಾಲೆ ಒಸಿ ಜಾಸ್ತಿ ಹಾಕು, ಯಾರ್ಗೆ ಗೊತ್ತಾಯ್ತದೆ?”

“ನಂಗೆ ಗೊತ್ತಾಯ್ತದಲ್ಲ.”

“ಹಂಗಾರೆ ನಾಳೇನೆ ಬೀಗ ಕೊಟ್ಬುಡ್ಲಾ? ಹೇಳು, ಕೊಟ್ಬುಡ್ತೀನಿ.”

ಅವಳು ಅವನ ಗಡ್ಡ ಬೆಳೆದ ಮುಖ ನೋಡಿ ಒಳಗೆ ಹೋದಳು. ಮಾರನೆಯ ದಿನ ಫಾರಂ ಕೋಳಿ ಬಂತು. ಎಳೆಯ ಮಾಂಸ ಸೌದೆ ಒಲೆಯಲ್ಲಿ ಬೇಗ ಕರಗಿಹೋಗುತ್ತಿತ್ತು. ಅದನ್ನು ಮುಚ್ಚಿಹಾಕಲು ಅವಳು ಚಕ್ಕೆ, ಲವಂಗ, ಕೊಬ್ಬರಿ ಎಲ್ಲ ಸುರಿದಳು. ಸಾರು ಗಟ್ಟಿಯಾಗಿ, ಘಮ್ಮೆಂದು, ಬೆಂಗಳೂರಿನ ಯಾವುದೋ ಹೋಟೆಲಿನ ಸಾರಿನ ಹಾಗಾಯಿತು. ಆವತ್ತಿನಿಂದ ಎರಡನೇ ಸಲ ಸಾರು ಬಿಡಲು ಅವಳು ಹೊರಗೆ ಬರುವುದನ್ನು ನಿಲ್ಲಿಸಿದಳು. ಯಾರ ಮುಖವನ್ನೂ ನೋಡಲು ಅವಳಿಗೆ ಧೈರ್ಯವಿರಲಿಲ್ಲ.

ತಿಂಗಳ ಕೊನೆಗೆ ಕೆಂಪರಾಜು ಓಡಿಬಂದು ನನ್ನ ಭುಜ ಹಿಡಿದು ಅಲ್ಲಾಡಿಸಿದ. ಬಾಡಿಗೆ ಕಳೆದೂ ಮುನ್ನೂರು ಚಿಲ್ಲರೆ ಉಳಿದಿತ್ತು. “ಗೆದ್ದೆ ಕಣ್ ಮರಿಯಣ್ಣ! ಬಜೆಟ್ ಗೆದ್ಬುಡ್ತು!” ಎಂದ. ನಾನೂ ಖುಷಿಪಟ್ಟೆ, ಸುಳ್ಳು ಹೇಳುವುದಿಲ್ಲ. ಮುಂದಿನ ತಿಂಗಳು ಹೊಸ ರಸ್ತೆ ಬಿಟ್ಟು ಇಳಿದು ಬರುತ್ತಿದ್ದ ಕಾರುಗಳು ಒಂದೊಂದಾಗಿ ಕಡಿಮೆಯಾದವು. ಅಷ್ಟು ದೂರ ಸುತ್ತಿ ಬರುತ್ತಿದ್ದವರು ಬರುತ್ತಿದ್ದದ್ದೇ ಆ ಸಾರಿಗೆ. ನಮ್ಮ ಸೀಮೆಯ ಜನ ಜಗಳ ಆಡುವುದಿಲ್ಲ, ತಟ್ಟೆ ತಳ್ಳುವುದಿಲ್ಲ. ಪೂರ್ತಿ ಉಂಡು, ದುಡ್ಡು ಕೊಟ್ಟು, ಚೆನ್ನಾಗಿತ್ತು ಎಂದು ಹೇಳಿ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಹೀಗಾಗಿ ಕೆಂಪರಾಜುವಿಗೆ ಏನಾಗುತ್ತಿದೆ ಎಂದು ಹೇಳುವವರೇ ಇರಲಿಲ್ಲ. ಅವನು ರಟ್ಟಿನ ಮುಂದೆ ನಿಂತು ಇನ್ನೇನು ಕಡಿಮೆ ಮಾಡಲಿ ಎಂದು ಹುಡುಕುತ್ತಿದ್ದ.

ಯುಗಾದಿಗೆ ಮುಂಚಿನ ಭಾನುವಾರ ಬೋರಲಿಂಗಯ್ಯ ಬಂದರು. ಮದ್ದೂರಿನ ಕಡೆಯವರು, ಬೆಂಗಳೂರಿನಲ್ಲಿ ಕಂಟ್ರಾಕ್ಟರ್. ಹೋಟೆಲು ಶುರುವಾದ ವರ್ಷದಿಂದ ಊರಿಗೆ ಹೋಗುವಾಗ, ಬರುವಾಗ ಇಲ್ಲೇ ಊಟ. ಕೆಂಚಮ್ಮನನ್ನು ತಂಗ್ಯವ್ವ ಎನ್ನುತ್ತಿದ್ದರು, ಅವಳೂ ಅಣ್ಣ ಎಂದೇ ಕರೆಯುತ್ತಿದ್ದಳು. ಹೊಸ ರಸ್ತೆಯಾದ ಮೇಲೆ ಅವರ ಮುಖ ಕಂಡಿರಲಿಲ್ಲ. ಆವತ್ತು ಹೆಂಡತಿ, ಮಗ, ಸೊಸೆ, ಮೊಮ್ಮಗಳು ಎಲ್ಲರನ್ನೂ ಕರೆದುಕೊಂಡು ಬಂದಿದ್ದರು. “ಇವತ್ತು ನಿಮ್ಗೆ ನಿಜವಾದ ನಾಟಿ ಕೋಳಿ ಸಾರು ಉಣ್ಣುಸ್ತೀನಿ” ಎಂದು ಸೊಸೆಗೆ ಹೇಳುತ್ತಲೇ ಕುರ್ಚಿ ಎಳೆದುಕೊಂಡರು.

ಕೆಂಪರಾಜು ಒಳಗೆ ಹೋದ. ಅಡುಗೆಮನೆ ಗೋಡೆಯ ಈಚೆ ಟೇಬಲ್ಲಿನಲ್ಲಿ ಊಟಕ್ಕೆ ಕೂತಿದ್ದ ನನಗೆ ಕೆಂಚಮ್ಮನ ಪಿಸುಮಾತು ಕೇಳಿಸಿತು: “ಅಣ್ಣಂಗೆ ಮಾತ್ರ ಬೇಡ. ಕೋಳಿ ಖಾಲಿ ಆಗ್ಬುಟ್ಟೈತೆ ಅನ್ನು. ದಮ್ಮಯ್ಯ ಅಂತೀನಿ.” ಅವನು ಏನೆಂದನೋ ತಿಳಿಯಲಿಲ್ಲ. ಅಷ್ಟು ದೊಡ್ಡ ಗುಂಪು ಬಂದು ತಿಂಗಳಾಗಿತ್ತು. ತಟ್ಟೆಗಳನ್ನು ಹಿಡಿದುಕೊಂಡೇ ಹೊರಗೆ ಬಂದ.

ಬೋರಲಿಂಗಯ್ಯ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟರು. ಒಂದು ಮೂಳೆ ಕಡಿದರು. ಅದು ಸದ್ದಿಲ್ಲದೆ ಪುಡಿಯಾಯಿತು. ಅವರ ದವಡೆ ನಿಂತಿತು. ಅಡುಗೆಮನೆಯ ಬಾಗಿಲಿನ ಕಡೆ ನೋಡಿದರು, ಮತ್ತೆ ಕೆಂಪರಾಜುವಿನ ಗಡ್ಡ ನೋಡಿದರು, ಊಟ ಮುಂದುವರಿಸಿದರು. ಎರಡನೇ ಸಲ ಸಾರು ಬಿಟ್ಟವನು ಕೆಂಪರಾಜು. ಬೇಡವೆನ್ನದೆ ಹಾಕಿಸಿಕೊಂಡರು. ಮೊಮ್ಮಗಳು ಮಾತ್ರ ಚೆನ್ನಾಗಿದೆ ತಾತ ಎಂದಳು.

ಮನೆಯವರನ್ನೆಲ್ಲ ಕಾರಿಗೆ ಕಳಿಸಿ, ಕೈ ತೊಳೆದುಕೊಂಡು ಗಲ್ಲಾದ ಹತ್ತಿರ ಬಂದು ನಿಂತರು. ದನಿ ತಗ್ಗಿಸಿ ಕೇಳಿದರು:

“ಕೆಂಚವ್ವ ಯಾವಾಗ ತೀರ್ಕಂಡ್ಲಪ್ಪ? ನಂಗೊಂದು ಫೋನ್ ಮಾಡ್ಬಾರ್ದಾಗಿತ್ತಾ?”

ಅವಳು ನಾಲ್ಕು ಮಾರು ದೂರದಲ್ಲಿ, ಗೋಡೆಯ ಆಚೆ ನಿಂತಿದ್ದಾಳೆ. ಬದುಕಿದ್ದಾಳೆ ಎಂದರೆ ಈ ಸಾರು ಏನು ಎಂಬುದಕ್ಕೆ ಉತ್ತರ ಕೊಡಬೇಕು. ಕೆಂಪರಾಜು ನನ್ನ ಕಡೆ ನೋಡಿದ. ಅಂಥ ಮುಖವನ್ನು ನಾನು ಎಂದೂ ನೋಡಿಲ್ಲ. ಇಲ್ಲವೆನ್ನದೆ ತಲೆ ತಗ್ಗಿಸಿದ.

“ಬಾಯ್ಗಿಟ್ ತಕ್ಷಣ ಗೊತ್ತಾಯ್ತು ಕಣಪ್ಪ. ಅವ್ಳ ಕೈ ಇಲ್ಲ ಇದ್ರಲ್ಲಿ” ಎಂದರು ಬೋರಲಿಂಗಯ್ಯ. ಅವರ ಕಣ್ಣು ತುಂಬಿತ್ತು. “ಒಬ್ನೇ ಹೆಂಗೋ ನಡೆಸ್ತಿದೀಯ. ಧೈರ್ಯ ಕಳ್ಕಬೇಡ.” ಊಟದ ದುಡ್ಡಿನ ಎರಡರಷ್ಟನ್ನು ಅವನ ಕೈಯಲ್ಲಿಟ್ಟು, ಬೆರಳು ಮಡಿಸಿ ಮುಚ್ಚಿ, ಬೆನ್ನು ಸವರಿ ಹೊರಟುಹೋದರು.

ಕಾರು ಹೋಯಿತು. ಕೆಂಚಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಅವನ ಎದುರಿನ ಕುರ್ಚಿಯಲ್ಲಿ ಕೂತಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನಾವು ಮೂವರೂ ಬಚಾವಾಗುತ್ತಿದ್ದೆವು.

“ಕೇಳುಸ್ತು” ಎಂದಳು.

“ಏನಂತ ಹೇಳ್ಲಿ ಕೆಂಚಿ? ಫಾರಂ ಕೋಳಿ ಹಾಕ್ದೆ ಅಂತ ಹೆಂಗ್ ಹೇಳ್ಲಿ?”

“ನೀನು ಬಡ್ಸೋರ್ನ ಬುಡಿಸ್ದೆ, ನಾನು ಸುಮ್ನಿದ್ದೆ. ಎಲೆ ತೆಗ್ದೆ, ಸುಮ್ನಿದ್ದೆ. ಕೋಳಿ ಬದ್ಲಾಯಿಸ್ದೆ, ನಾನೂ ಕೈ ಜೋಡಿಸ್ದೆ. ಇನ್ನು ಕಡ್ಮೆ ಮಾಡಕ್ಕೆ ಇಲ್ಲಿ ನಾನೊಬ್ಳು ಉಳ್ದಿದ್ದೆ. ಇವತ್ತು ಅದನ್ನೂ ಮಾಡ್ಬುಟ್ಟೆ.”

ಕೆಂಪರಾಜು ಗಲ್ಲಾದ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನೋಡಲಾಗದೆ ನಾನು ಎದ್ದು ಬಾಗಿಲ ಬಳಿ ನಿಂತೆ. ಅವಳು ಅವನನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಚೆಲುವಯ್ಯನಿಗೆ ನಾಳೆ ಬೀಗ ಕೊಟ್ಟುಬಿಡೋಣ ಎಂದಷ್ಟೇ ಹೇಳಿದಳು. ಅವನು ತಲೆ ಎತ್ತದೆಯೇ ಹೂಂಗುಟ್ಟಿದ.

“ಫೋನ್ ಮಾಡು ಅಣ್ಣಂಗೆ” ಎಂದಳು ಆಮೇಲೆ.

ಅವನು ಫೋನು ತೆಗೆದ, ನಂಬರು ಹುಡುಕಿದ, ಆದರೆ ಬೆರಳು ಒತ್ತಲು ಆಗದೆ ಹಾಗೇ ಹಿಡಿದುಕೊಂಡು ಕೂತ. ಅವಳೇ ಕಿತ್ತುಕೊಂಡು ಒತ್ತಿದಳು. ಆ ಕಡೆ ರಿಂಗಾಗುತ್ತಿರುವಾಗ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಬೋರಲಿಂಗಯ್ಯ, “ಹೇಳಪ್ಪ ಕೆಂಪರಾಜು” ಎಂದದ್ದು ನನಗೂ ಕೇಳಿಸಿತು.

“ಅಣ್ಣ, ನಾನು ಕೆಂಚವ್ವ” ಎಂದಳು. “ಇವತ್ತು ನೀನು ಉಂಡ್ಯಲ್ಲ ಸಾರು, ಅದ್ನ ನಾನೇ ಮಾಡಿದ್ದು ಕಣಣ್ಣ.”