ವೇಣುಗೋಪಾಲರ ನಮಸ್ಕಾರ ಪರೀಕ್ಷೆ

ವಿದ್ಯಾರಣ್ಯಪುರದಲ್ಲಿ ನಮ್ಮ ಎದುರು ಮನೆಯ ವೇಣುಗೋಪಾಲರ ಕಾಲಿಗೆ ಬಿದ್ದಷ್ಟು ಎತ್ತರದ ಜನ ಈ ಊರಿನಲ್ಲಿ ಇನ್ಯಾರ ಕಾಲಿಗೂ ಬಿದ್ದಿರಲಾರರು. ಗೇಟು ತೆಗೆಯದೆ ಅದರ ಮೇಲಿಂದಲೇ ತಲೆ ಹಾಕಿ "ಸಾರ್ ಇದಾರಾ ಆಂಟಿ?" ಎಂದು ಕೇಳುವ ಹುಡುಗರೆಲ್ಲ ವರಾಂಡದಲ್ಲಿ ಚಪ್ಪಲಿ ಬಿಟ್ಟು, ಬಗ್ಗಿ, ಐದಡಿ ಹತ್ತಂಗುಲದ ಆ ಮನುಷ್ಯನ ಪಾದ ಮುಟ್ಟುತ್ತಿದ್ದರು. ವೇಣುಗೋಪಾಲರು ಆಶೀರ್ವಾದ ಮಾಡುತ್ತಿದ್ದರೆಂದು ಆ ಹುಡುಗರು ತಿಳಿದಿದ್ದರು. ಅವರು ನೋಡುತ್ತಿದ್ದದ್ದು ಮೊಣಕಾಲು.

"ಹುಡುಗ ಹೆಂಗೆ ಬಗ್ತಾನೆ ಅನ್ನೋದು ಅವರಪ್ಪ ಅಮ್ಮ ಕಲಿಸಿದ್ದು ಭಾವನಾ. ಹೆಂಗೆ ಏಳ್ತಾನೆ ಅನ್ನೋದು ಮಂಡಿ ಕಲಿಸಿದ್ದು," ಎಂದು ನನಗೆ ಹೇಳುತ್ತಿದ್ದರು. ನೆಲಕ್ಕೆ ಕೈ ಊರಿ ಎದ್ದರೆ ಒಂದು ಗುರುತು. ಒಂದು ಕಾಲು ಚಾಚಿ ಬಗ್ಗಿದರೆ ಇನ್ನೊಂದು. ಗೋಡೆ ಹಿಡಿದರಂತೂ ಮುಗಿಯಿತು, ಅವರ ಹೆಂಡತಿ ಗೋದಾ ಆಂಟಿಯ ಕಾಫಿ ಕುಡಿದು ಹೋಗಬಹುದು. ಹೆಬ್ಬಾಳದ ಬಾಸ್ಕೆಟ್‌ಬಾಲ್ ತಂಡಕ್ಕೆ ಆಟಗಾರರನ್ನು ಹುಡುಕಿಕೊಡುವ ಸಲಹೆಗಾರರು ಅವರು. ಮೊಣಕಾಲು ಹೋದವನನ್ನು ಈ ಪರೀಕ್ಷೆಯಲ್ಲಿ ಹಿಡಿದದ್ದು ಎಂಟು ಸಲ, ತಪ್ಪಿದ್ದು ಸೊನ್ನೆ ಸಲ ಎಂದು ಅವರೇ ಲೆಕ್ಕ ಹೇಳುತ್ತಿದ್ದರು. ಬಾಸ್ಕೆಟ್‌ಬಾಲ್ ನಾಲ್ಕು ಕ್ವಾರ್ಟರಿನ, ಅಂದರೆ ನಾಲ್ಕು ಕಾಲಿನ ಆಟ, ಅದರಲ್ಲಿ ಮುಕ್ಕಾಲು ಪಾಲು ಮೊಣಕಾಲೇ ಎಂದು ನಾನು ಹೇಳಿದಾಗ ನಗದಿದ್ದವರು ಈ ಲೆಕ್ಕ ಹೇಳುವಾಗ ಮಾತ್ರ ನಗುತ್ತಿದ್ದರು.

ಅವರ ಕತೆ ಸರಳ. ಇಪ್ಪತ್ತರ ವಯಸ್ಸಿನಲ್ಲಿ ಕ್ರೀಡಾ ಕೋಟಾದಲ್ಲಿ ಒಂದು ಬ್ಯಾಂಕು ಸೇರಿದರು. ಆಯ್ಕೆ ಮಾಡಿದವರು ಅವರ ಹೆಸರಿನ ಮುಂದೆ ಬರೆದದ್ದು ಎರಡೇ ಪದ: ತಪ್ಪು ಮಾಡುವುದಿಲ್ಲ. ತಪ್ಪು ಮಾಡದವರನ್ನು ಆಪತ್ಕಾಲಕ್ಕೆಂದು ಇಟ್ಟುಕೊಳ್ಳುತ್ತಾರೆ. ಆಪತ್ಕಾಲ ಬರಲೇ ಇಲ್ಲ. ಹನ್ನೊಂದು ವರ್ಷ ಬೆಂಚಿನ ಮೇಲೆ ಕೂತು, ಬ್ಯಾಂಕಿನ ತಂಡಕ್ಕೆ ನಿಜವಾದ ಅರ್ಥದಲ್ಲಿ ಬೆಂಚ್‌ಮಾರ್ಕ್ ಆದರು. ಆಮೇಲೆ ನಿವೃತ್ತಿಯವರೆಗೂ ಕೌಂಟರಿನಲ್ಲಿ ಡಿಮ್ಯಾಂಡ್ ಡ್ರಾಫ್ಟ್ ಬರೆದರು. ಅರವತ್ತರ ನಂತರ, ಆರು ತಂಡಗಳ ಪುಟ್ಟದೊಂದು ಲೀಗ್ ನಮ್ಮ ಕಡೆ ಶುರುವಾದಾಗ ಇನ್ನೊಂದು ಡ್ರಾಫ್ಟು ಅವರನ್ನು ಹುಡುಕಿಕೊಂಡು ಬಂತು.

ಈ ಡ್ರಾಫ್ಟ್ ಎಂದರೆ ಇಷ್ಟೆ: ಲೀಗ್ ಸೇರಬಯಸುವ ಹೊಸ ಹುಡುಗರನ್ನೆಲ್ಲ ಒಂದೆಡೆ ಕೂರಿಸುತ್ತಾರೆ. ಚೀಟಿ ಎತ್ತಿ ಸರದಿ ಗೊತ್ತು ಮಾಡಿ, ಒಂದೊಂದು ತಂಡ ಒಬ್ಬೊಬ್ಬನ ಹೆಸರು ಕರೆಯುತ್ತದೆ. ಹೀಗೆ ಎರಡು ಸುತ್ತು, ಹನ್ನೆರಡು ಹೆಸರು. ಉಳಿದವರು ಊಟ ಮಾಡಿಕೊಂಡು ಮನೆಗೆ ಹೋಗುತ್ತಾರೆ. ವಯಸ್ಸು ಇಪ್ಪತ್ತಮೂರು ತುಂಬಿದರೆ ಮತ್ತೆ ಕೂರುವಂತಿಲ್ಲ.

ನಮ್ಮ ತಂಡದ ಹೆಸರು ಹೆಬ್ಬಾಳ ಹೆರಾನ್ಸ್. ಜನ ಕರೆಯುವುದು ಕೊಕ್ಕರೆ ಟೀಮ್. ಯಲಹಂಕದಲ್ಲಿ ಎರಡು ಕಲ್ಯಾಣ ಮಂಟಪಗಳಿರುವ ಜ್ಯೋತಿಲಕ್ಷ್ಮಿ ಅದರ ಒಡತಿ. ತಂಡದ ಕಿರುಹೊತ್ತಿಗೆಗೆ ಪ್ರತಿ ಹುಡುಗನ ಬಗ್ಗೆ ನಾಲ್ಕು ಸಾಲು ತಮಾಷೆಯಾಗಿ ಬರೆದುಕೊಡುವ ಕೆಲಸ ನನ್ನದು. ಕಾರೂ ನನ್ನದೇ ಆದ್ದರಿಂದ ವೇಣುಗೋಪಾಲರು ಹುಡುಗರನ್ನು ನೋಡಲು ಹೋಗುವಾಗ ನಾನೇ ಸಾರಥಿ.

ಈ ಸಲ ನಮ್ಮದು ಎರಡನೆಯ ಸರದಿ. ಮೊದಲ ತಂಡ ಯಾರನ್ನು ಕರೆಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ನಮಗೆ ಉಳಿದದ್ದು ಇಬ್ಬರಲ್ಲಿ ಒಬ್ಬ.

ಒಬ್ಬ ಅಭಿರಾಮ್. ನಮ್ಮ ಬಡಾವಣೆಯವನೇ, ಆರಡಿ ಎರಡಂಗುಲ. ನೂರು ಫ್ರೀ ಥ್ರೋ ಕೊಟ್ಟರೆ ಎಂಬತ್ತೆಂಟು ಬುಟ್ಟಿಗೆ ಹಾಕುತ್ತಾನೆ. ಇವತ್ತೂ ಎಂಬತ್ತೆಂಟು, ಹತ್ತು ವರ್ಷ ಬಿಟ್ಟು ನೋಡಿದರೂ ಎಂಬತ್ತೆಂಟು. ಅವನ ಬಗ್ಗೆ ತಮಾಷೆ ಬರೆಯಲು ಕೂತರೆ ಪೆನ್ನಿಗೇ ಆಕಳಿಕೆ ಬರುತ್ತಿತ್ತು.

ಇನ್ನೊಬ್ಬ ಶೆಟ್ಟಿಹಳ್ಳಿಯ ಪುನೀತ್. ಆರಡಿ ಎಂಟಂಗುಲ. ಚೆಂಡು ಮುಟ್ಟಿ ನಾಲ್ಕೇ ವರ್ಷ. ಒಂದು ದಿನ ಆಕಾಶಕ್ಕೆ ಏಣಿ ಹಾಕಿದಂತೆ ಆಡುತ್ತಾನೆ, ಮರುದಿನ ಏಣಿಯನ್ನೇ ಮರೆತು ಬಂದಂತೆ. ಹೋದ ವರ್ಷ ಎಡ ಮೊಣಕಾಲಿಗೆ ಪೆಟ್ಟಾಗಿ ಮೂರು ತಿಂಗಳು ಮಲಗಿದ್ದ. ಈಗ ಜಾಲಹಳ್ಳಿಯ ಒಂದು ಕೊರಿಯರ್ ಗೋದಾಮಿನಲ್ಲಿ ಮೇಲಿನ ಕಪಾಟಿನ ಪೆಟ್ಟಿಗೆಗಳನ್ನು ಏಣಿಯಿಲ್ಲದೆ ಇಳಿಸುತ್ತಿದ್ದ. ಮುಂದಿನ ತಿಂಗಳಿಗೆ ಇಪ್ಪತ್ತಮೂರು ತುಂಬುತ್ತಿತ್ತು. ಅವನಿಗೆ ಇದು ಮೊದಲನೆಯ ಡ್ರಾಫ್ಟು, ಕೊನೆಯದೂ.

"ಇವನು ಕುದುರಿದ್ರೆ ಹತ್ತು ವರ್ಷ ನಮ್ಮನ್ನ ಯಾರೂ ಮುಟ್ಟಲ್ಲ," ಎಂದರು ವೇಣುಗೋಪಾಲರು, ಪುನೀತನನ್ನು ನೋಡಲು ಹೊರಟಾಗ ಕಾರಿನಲ್ಲಿ. ಸೀಟ್ ಬೆಲ್ಟ್ ಸರಿಮಾಡಿಕೊಂಡು, "ಕುದುರದಿದ್ರೆ, ಮತ್ತೆ ಗುರುಚರಣ್," ಎಂದರು.

ಗುರುಚರಣ್ ಎಂದರೆ ನಾಲ್ಕು ವರ್ಷದ ಹಿಂದೆ ಅವರು ಹಟ ಹಿಡಿದು ಆರಿಸಿದ ಆರಡಿ ಹತ್ತಂಗುಲದ ಹುಡುಗ. ಮೂರು ಪಂದ್ಯ ಆಡಿ, ಬೆನ್ನು ಹಿಡಿದು, ಊರಿಗೆ ಹೋದ. ಆ ವರ್ಷ ಪೂರ್ತಿ ಪಾರ್ಕಿನಲ್ಲಿ ವಾಕಿಂಗ್ ಗೆಳೆಯರು "ಏನ್ ಸಮಾಚಾರ ವೇಣು, ತೆಂಗಿನಮರ ಚಿಗುರ್ತಾ?" ಎಂದು ಕೇಳುತ್ತಿದ್ದರು. ವೇಣುಗೋಪಾಲರು ವಾಕಿಂಗ್ ಹೊತ್ತನ್ನೇ ಬದಲಾಯಿಸಿದರು.

ಶೆಟ್ಟಿಹಳ್ಳಿಯ ಆ ಮನೆ ಮೂರು ಕಟ್ಟಡಗಳ ನಡುವೆ ಉಳಿದುಕೊಂಡಿದ್ದ ಹಳೆಯ ಹೆಂಚಿನ ಮನೆ. ಅಜ್ಜಿ ದೊಡ್ಡಮುನಿಯಮ್ಮ ಬಾಗಿಲಲ್ಲೇ ನಿಂತಿದ್ದರು.

"ಬರ್ರಿ ಸಾಮಿ, ಬಾರಮ್ಮ. ತಲೆ ಉಸಾರು. ನಮ್ಮುಡ್ಗ ದಿನಾ ಒಂದ್ ಕಿತ ಒಡಿಸ್ಕೊಂತಾನೆ. ಇಂಗೆ ಫ್ಯಾನ್ ಕೆಳಕ್ಕೆ ಕುಂತ್ಕಳಿ."

ಉಪ್ಪಿಟ್ಟು, ಕೇಸರಿಬಾತು, ಬಾಳೆಹಣ್ಣು ಬಂದವು. ಥೇಟ್ ಹೆಣ್ಣು ನೋಡುವ ಶಾಸ್ತ್ರ. ಹುಡುಗಿಯ ಜಾಗದಲ್ಲಿ ಕಾಫಿ ಲೋಟ ಹಿಡಿದು ಒಳಗಿನಿಂದ ಬಂದದ್ದು ಪುನೀತ್. ಅಂಗಳದಲ್ಲಿ ಸದಾ ಚಡ್ಡಿ ಬನಿಯನ್ನಿನಲ್ಲಿ ಚೆಂಡು ಬಡಿಯುವ ಹುಡುಗ ಅವತ್ತು ಇಸ್ತ್ರಿ ಮಾಡಿದ ಬೂದುಬಣ್ಣದ ಪ್ಯಾಂಟು ಹಾಕಿದ್ದ. ಪ್ಯಾಂಟು ಹಿಮ್ಮಡಿಗಿಂತ ಒಂದು ಗೇಣು ಮೇಲೆಯೇ ನಿಂತಿತ್ತು. ತೊಡೆಯ ಹತ್ತಿರ ಬಟ್ಟೆ ತಮಟೆಯ ಚರ್ಮದ ಹಾಗೆ ಬಿಗಿದಿತ್ತು. ಹಿಂಬದಿಯ ಹೊಲಿಗೆಯಲ್ಲಿ ಬಿಳಿ ದಾರ ಹಲ್ಲು ಬಿಡುತ್ತಿತ್ತು. 'ಟೈಟ್ ಫಿಟ್ ಆದರೂ ಅನ್‌ಫಿಟ್' ಎಂದು ನಾನು ಮನಸ್ಸಿನಲ್ಲೇ ಒಂದು ಸಾಲು ಬರೆದುಕೊಂಡು ಖುಷಿಪಟ್ಟೆ.

"ಸಾರ್ ಕಾಲಿಗೆ ಬೀಳೋ," ಎಂದರು ಅಜ್ಜಿ.

ಪುನೀತ್ ಬಗ್ಗಿದ. ಬಲಗಾಲು ಅರೆಬರೆ ಮಡಿಸಿದ, ಎಡಗಾಲು ಕೋಲಿನಂತೆ ಹಿಂದಕ್ಕೆ ಚಾಚಿದ, ಬೆರಳ ತುದಿಯಿಂದ ಪಾದವನ್ನು ಮುಟ್ಟಿಯೂ ಮುಟ್ಟದಂತೆ ಮುಟ್ಟಿ, ಗೋಡೆ ಹಿಡಿದು ನಿಧಾನವಾಗಿ ಎದ್ದ. ಮುಖ ಕೆಂಪಾಗಿತ್ತು.

ವೇಣುಗೋಪಾಲರು ಕೈಯಲ್ಲಿದ್ದ ಕೇಸರಿಬಾತಿನ ತಟ್ಟೆ ಕೆಳಗಿಟ್ಟರು.

"ಮೊಣಕಾಲು ನೋವಿದ್ಯೇನೋ?"

"ಇಲ್ಲ ಸಾರ್! ಸತ್ಯವಾಗ್ಲೂ ಇಲ್ಲ."

ಇಷ್ಟು ಜೋರಾಗಿ ಇಲ್ಲ ಎಂದವರನ್ನು ಸುಮಾರು ಮೂವತ್ತು ವರ್ಷ ಕೌಂಟರಿನಲ್ಲಿ ನೋಡಿದವರು ಅವರು. ಹೊರಡುವಾಗ ದೊಡ್ಡಮುನಿಯಮ್ಮ ನನ್ನ ಕೈಹಿಡಿದು, "ಏನಾರ ಒಳ್ಳೇದ್ ಏಳಮ್ಮ ನಮ್ಮುಡ್ಗುನ್ ಬಗ್ಗೆ," ಎಂದರು. ಹೇಳುತ್ತೇನೆ ಎಂದೆ.

ಕಾರಿನಲ್ಲಿ ವೇಣುಗೋಪಾಲರು, "ನೋಡಿದ್ಯಾ? ಎಡ ಮಂಡಿ ಹೋಗಿದೆ," ಎಂದರು.

ನಾನು ನೋಡಿದ್ದೆ. ಮಂಡಿಯನ್ನಲ್ಲ, ಪ್ಯಾಂಟನ್ನು. ಸಾರ್, ಅದು ಮಂಡಿಯಲ್ಲ, ಅವನು ಬಗ್ಗಿದ್ದರೆ ಹಿಂದೆ ಹರಿಯುತ್ತಿತ್ತು ಎಂದು ಹೇಳಲು ಒಂದು ವಾಕ್ಯ ಸಾಕಿತ್ತು. ಆದರೆ ನನ್ನ ಕಾನ್ವೆಂಟಿನ ಸಿಸ್ಟರ್‌ಗಳು ಹನ್ನೆರಡು ವರ್ಷ ಬಡಿದು ಕಲಿಸಿದ ಮರ್ಯಾದೆಯಲ್ಲಿ, ಐವತ್ತೆರಡರ ಹೆಂಗಸು ಅರವತ್ತೈದರ ಗಂಡಸಿನ ಹತ್ತಿರ ಒಬ್ಬ ಹುಡುಗನ ಪ್ಯಾಂಟಿನ ಹಿಂಭಾಗದ ವಿಷಯ ಎತ್ತುವುದಕ್ಕೆ ಜಾಗವಿರಲಿಲ್ಲ. ನಾನು ಗೇರ್ ಬದಲಾಯಿಸಿದೆ.

ಜ್ಯೋತಿಲಕ್ಷ್ಮಿ ಫೋನಿನಲ್ಲಿ, "ಸಾರ್, ಅನುಮಾನ ಇದ್ರೆ ಒಂದ್ ಸ್ಕ್ಯಾನ್ ಮಾಡಿಸ್ಬಿಡೋಣ. ನಮ್ಮಣ್ಣಂದೇ ಸೆಂಟರ್ ಇದೆ ಕಣ್ರೀ, ನಾಳೇನೇ ಆಗತ್ತೆ," ಎಂದರು.

"ಬೇಡಮ್ಮ. ನಾನೇ ಕಣ್ಣಾರೆ ನೋಡಿದೀನಿ," ಎಂದರು ವೇಣುಗೋಪಾಲರು.

ಡ್ರಾಫ್ಟ್ ನಡೆದದ್ದು ಭಾನುವಾರ ಮಧ್ಯಾಹ್ನ, ಜ್ಯೋತಿಲಕ್ಷ್ಮಿಯವರ ಮಂಟಪದಲ್ಲೇ. ಹಿಂದಿನ ದಿನದ ಆರತಕ್ಷತೆಯ ಹೂವಿನ ಅಲಂಕಾರ ಇನ್ನೂ ಬಾಡಿರಲಿಲ್ಲ. ಗಂಡು ಹೆಣ್ಣು ಕೂರುವ ಜಾಗದಲ್ಲಿ ಮೈಕು. ಇಪ್ಪತ್ತಾರು ಹುಡುಗರು ಲೀಗ್ ಕೊಟ್ಟ ಚಡ್ಡಿ ಜೆರ್ಸಿಯಲ್ಲಿ, ರಿಬ್ಬನ್ ಕಟ್ಟಿದ ಕುರ್ಚಿಗಳ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದರು. ಕೊನೆಯ ಸಾಲಿನಲ್ಲಿ ಪುನೀತ್. ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟ ದೊಡ್ಡಮುನಿಯಮ್ಮ.

ಶುರುವಾಗುವ ಮುಂಚೆ ಬೇರೆ ತಂಡದವರು ಒಬ್ಬೊಬ್ಬರಾಗಿ ವೇಣುಗೋಪಾಲರ ಕಿವಿಯ ಹತ್ತಿರ ಬಂದರು. ಯಶವಂತಪುರ ತಂಡದ ಚಿಕ್ಕಮಾರಯ್ಯ, "ಗುರುಗಳೇ, ಆ ಶೆಟ್ಟಿಹಳ್ಳಿ ಹುಡುಗನ ಕಾಲು ಹೆಂಗೆ?" ಎಂದು ಕೇಳಿದರು.

'ಹೋಗಿ ನೋಡ್ಕೊಳ್ಳಿ' ಎನ್ನಬಹುದಿತ್ತು. 'ಗೊತ್ತಿಲ್ಲ' ಎನ್ನಬಹುದಿತ್ತು. ವೇಣುಗೋಪಾಲರು, "ನಮಸ್ಕಾರ ಮಾಡಕ್ಕೆ ಆಗಲ್ಲ ಅವನಿಗೆ," ಎಂದರು.

ಅವರ ಪರೀಕ್ಷೆ ತಂಡಗಳವರಿಗೆಲ್ಲ ಗೊತ್ತಿದ್ದದ್ದೇ. ಆ ಒಂದು ಮಾತು ತಾಂಬೂಲದ ತಟ್ಟೆಯಂತೆ ಮಂಟಪವೆಲ್ಲ ಸುತ್ತಿತು.

ಎರಡನೆಯ ಸರದಿಯಲ್ಲಿ ನಾವು ಅಭಿರಾಮನನ್ನು ಕರೆದೆವು. ಚಪ್ಪಾಳೆಯೂ ನೂರಕ್ಕೆ ಎಂಬತ್ತೆಂಟರಷ್ಟು ಬಿತ್ತು. ಆಮೇಲೆ ಮೂರು, ನಾಲ್ಕು, ಐದು, ಆರು. ಪ್ರತಿ ಹೆಸರಿಗೂ ಮುಂಚೆ ದೊಡ್ಡಮುನಿಯಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಮೊಮ್ಮಗನ ಜೊತೆ ಎದ್ದು ಹೋಗಬೇಕಾದೀತೆಂದು. ಎರಡನೆಯ ಸುತ್ತೂ ಮುಗಿಯಿತು. ಹನ್ನೆರಡನೆಯ ಹೆಸರಾದ ಮೇಲೆ ಯಾರೋ ಮೈಕಿನಲ್ಲಿ ಊಟಕ್ಕೆ ಏಳಿ ಎಂದರು. ದೊಡ್ಡಮುನಿಯಮ್ಮ, "ಆಯ್ತಾ? ನಮ್ಮುಡ್ಗುನ್ ಎಸ್ರು ಕೂಗ್ಲೇ ಇಲ್ವಲ್ಲೋ," ಎಂದು ಪಕ್ಕದವರನ್ನು ಕೇಳಿದ್ದು ನನ್ನವರೆಗೂ ಕೇಳಿಸಿತು.

ಪುನೀತ್ ನೇರ ನಮ್ಮ ಹತ್ತಿರ ಬಂದ. ಬೈಯುತ್ತಾನೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಬರ್ತೀನಿ ಸಾರ್. ಮನೆಗಂಟ ಬಂದಿದ್ರಲ್ಲ, ಅದೇ ದೊಡ್ಡದು," ಎಂದು, ಚಡ್ಡಿಯಲ್ಲಿದ್ದವನು ಎರಡೂ ಮಂಡಿ ಮಡಿಸಿ ಪಾದಕ್ಕೆ ಹಣೆ ಮುಟ್ಟಿಸಿ, ಕೈ ಊರದೆ, ಗೋಡೆ ಹಿಡಿಯದೆ, ನೀರೊಳಗೆ ಒತ್ತಿಬಿಟ್ಟ ಚೆಂಡು ಏಳುವ ಹಾಗೆ ಎದ್ದುನಿಂತ.

ವೇಣುಗೋಪಾಲರು ಮೇಲೆತ್ತಿದ್ದ ಕೈ ಹಾಗೇ ಉಳಿಯಿತು. "ಮತ್ತೆ... ಅವತ್ತು ಯಾಕೋ ಹಂಗೆ ಬಗ್ಗಿದ್ದು?"

ಪುನೀತ್ ನಾಚಿಕೊಂಡ. "ಅಯ್ಯೋ ಅದಾ ಸಾರ್? ಪ್ಯಾಂಟು. ಪಿಯುಸೀಲಿ ಒಲ್ಸಿದ್ದು. ಬಗ್ಗಿದ್ರೆ ಪರ್ ಅಂತ ಅರ್ದೋಯ್ತಿತ್ತು, ಮೇಡಂ ಬೇರೆ ಇದ್ರಲ್ಲ. ಚಡ್ಡೀಲಿ ದೊಡ್ಡೋರ್ ಮುಂದೆ ನಿಂತ್ಕಬ್ಯಾಡ ಅಂತ ಅಜ್ಜಿ..."

ಅವರಿಗೆ ಮರ್ಯಾದೆ ಕೊಡಲೆಂದು ಹಾಕಿದ ಪ್ಯಾಂಟು.

ವೇಣುಗೋಪಾಲರು ಊಟದ ಹಾಲಿಗೆ ಓಡಿದರು. ಓಡಿದರು ಎಂದೇ ಹೇಳಬೇಕು, ಆ ವಯಸ್ಸಿನಲ್ಲಿ. ಚಿಕ್ಕಮಾರಯ್ಯನ ತೋಳು ಹಿಡಿದು, "ತಪ್ಪಾಯ್ತು ಕಣಯ್ಯ, ಕಾಲು ಚೆನ್ನಾಗಿದೆ," ಎಂದರು. ಚಿಕ್ಕಮಾರಯ್ಯ ಎಲೆಯ ಮುಂದೆ ಕೂತಾಗಿತ್ತು. "ಲಿಸ್ಟಿಗೆ ಎಲ್ರೂ ಸೈನ್ ಹಾಕಿ ಆಯ್ತಲ್ಲ ಗುರುಗಳೇ. ಮೊದ್ಲು ಹೇಳಿದ್ರೆ ನಾನೇ ತಗೊಳ್ತಿದ್ದೆ," ಎಂದು ಕೋಸಂಬರಿಗೆ ಕೈಹಾಕಿದರು.

ವಾಪಸ್ಸು ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ನಿಂತುಬಿಟ್ಟಿದ್ದವು. ವೇಣುಗೋಪಾಲರು ಕೆರೆಯ ಕಡೆ ನೋಡುತ್ತ, ಕೇಳದಿದ್ದರೂ ಹೇಳಿದರು:

"ಸ್ಕ್ಯಾನ್ ಯಾಕೆ ಬೇಡ ಅಂದೆ ಗೊತ್ತಾ ಭಾವನಾ? ಕಾಲು ಚೆನ್ನಾಗಿದೆ ಅಂತ ಬಂದ್ಬಿಟ್ರೆ ಅವನನ್ನ ಆರಿಸ್ಬೇಕಾಗ್ತಿತ್ತು. ಆರಿಸಿ, ಆಮೇಲೆ ಅವನೂ ಗುರುಚರಣ್ ಥರ ಆದ್ರೆ? ಅವನು ಗೋಡೆ ಹಿಡಿದಾಗ ನನಗೆ ಸಮಾಧಾನ ಆಯ್ತು. ಸಮಾಧಾನ ಆಯ್ತಮ್ಮ! ನಾನು ಕೆಟ್ಟ ಮಂಡಿ ಹುಡುಕ್ಕೊಂಡೇ ಹೋಗಿದ್ದೆ ಅವತ್ತು."

ನಾನೂ ಹೇಳಬೇಕಾದದ್ದು ಆಗಲೇ. ಹಿಂದಿನ ಲಾರಿ ಹಾರ್ನ್ ಹೊಡೆಯಿತು, ಮುಂದೆ ಹೋದೆ.

ಮರುವಾರ ಅವರೇ ಶೆಟ್ಟಿಹಳ್ಳಿಗೆ ಹೊರಟರು, ಸಾರಥಿ ನಾನೇ. ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದ ದೊಡ್ಡಮುನಿಯಮ್ಮನ ಮುಂದೆ ನಿಂತು, ಒಂದೂ ಬಿಡದೆ ಹೇಳಿದರು: ಬಗ್ಗಿದ್ದು, ತಾವು ತಿಳಿದದ್ದು, ಮಂಟಪದಲ್ಲಿ ಆಡಿದ ಮಾತು. ಪುನೀತ್ ಗೋದಾಮಿಗೆ ಹೋಗಿದ್ದ. ಮುದುಕಿ ಕೇರುವುದನ್ನು ನಿಲ್ಲಿಸಿದರು.

"ಪ್ಯಾಂಟಾ? ಅಯ್ಯೋ ಸಿವನೇ. ಬ್ಯಾಡ ಅಜ್ಜೀ ಬಿಗಿ ಆಯ್ತದೆ ಅಂದ. ನಾನೇ ಬೈದು ಆಕ್ಸಿದ್ನಲ್ಲಪ್ಪ. ನಾನೇ ಕೆಡ್ಸಿಬುಟ್ನಾ?"

ತಪ್ಪೊಪ್ಪಿಕೊಂಡರೆ ಭಾರ ಇಳಿಯುತ್ತದೆಂದು ಹೋಗಿದ್ದೆವು. ಇಳಿದದ್ದು ಆಕೆಯ ತಲೆಯ ಮೇಲೆ. ವೇಣುಗೋಪಾಲರು "ಇಲ್ಲಮ್ಮ, ನಿಮ್ದಲ್ಲ, ನಿಮ್ದಲ್ಲ," ಎನ್ನುತ್ತಲೇ ಇದ್ದರು, ಮುದುಕಿ ಹಣೆ ಬಡಿದುಕೊಳ್ಳುತ್ತಲೇ ಇದ್ದರು. ಆಗ ನನ್ನ ಬಾಯಿಂದ ಮಾತು ಬಂತು.

"ನಾನು ನೋಡಿದ್ದೆ ಅಜ್ಜಿ. ಪ್ಯಾಂಟು ಬಿಗಿ ಇದ್ದಿದ್ದನ್ನ ಅವತ್ತೇ ನೋಡಿದ್ದೆ."

ವೇಣುಗೋಪಾಲರು ನನ್ನ ಕಡೆ ತಿರುಗಿದರು. ಕೇಳಿದ್ದು ದೊಡ್ಡಮುನಿಯಮ್ಮ.

"ನೋಡಿ ಸುಮ್ಕಿದ್ಯಾ?"

"ಊಂ."

"ನಕ್ಕಿರ್ಬೇಕು ನೀನು."

ಸಾರಿ ಎಂಬ ಎರಡಕ್ಷರವನ್ನು ದಿನಕ್ಕೆ ಹತ್ತು ಸಾರಿ ಬಳಸುವ ಬಾಯಿ ನನ್ನದು. ಅವತ್ತು ಅದು ಬರಲಿಲ್ಲ. ಆಕೆ ಮೊರ ಪಕ್ಕಕ್ಕಿಟ್ಟು ಒಳಗೆ ಹೋಗಿ ಆ ಬೂದು ಪ್ಯಾಂಟು ತಂದು ನನ್ನ ಮಡಿಲಿಗೆ ಹಾಕಿದರು.

"ಏರ್‌ಪೋರ್ಟ್ ರೋಡ್ನಾಗೆ ಯಾವ್ದೋ ಓಟ್ಲು, ಬಾಗ್ಲಾಗೆ ನಿಲ್ಲಕ್ಕೆ ಎತ್ರದ ಉಡುಗ್ರು ಬೇಕಂತೆ. ಬಂದೋರ್ಗೆ ಕೈ ಮುಗೀಬೇಕಂತೆ. ಸುಕ್ರವಾರ ಮಾತಾಡ್ಸಕ್ಕೆ ಕರ್ದವ್ರೆ. ಇದು ಆಗಾಕಿಲ್ಲ. ಒಂದು ಒಲ್ಸಿಕೊಡು. ನೀನೇ."

ವೇಣುಗೋಪಾಲರು ಈಗ ಯಾರಿಗೂ ಪಾದ ಮುಟ್ಟಗೊಡುವುದಿಲ್ಲ. ಹುಡುಗರು ಬಗ್ಗುವ ಮೊದಲೇ ಕಾಲು ಕುರ್ಚಿಯ ಕೆಳಗೆ ಎಳೆದುಕೊಳ್ಳುತ್ತಾರೆ. ಕೊಕ್ಕರೆ ಟೀಮಿಗೆ ರಾಜೀನಾಮೆ ಕೊಟ್ಟಿದ್ದಾರೆ. ಅಭಿರಾಮ್ ಪಂದ್ಯಕ್ಕೆ ಆರು ಪಾಯಿಂಟ್ ತಪ್ಪದೆ ಹಾಕುತ್ತಿದ್ದಾನೆ.

ನಾನು ಶೆಟ್ಟಿಹಳ್ಳಿಯಿಂದ ಬಂದ ಸಂಜೆಯೇ ಪ್ಯಾಂಟು ಹಿಡಿದು ನಮ್ಮ ಕೊನೆ ಬಸ್ ಸ್ಟಾಪಿನ ಹತ್ತಿರದ ಟೈಲರ್ ಜಹೀರ್ ಅಂಗಡಿಗೆ ಹೋದೆ. ಲೀಗಿನವರು ಚಡ್ಡಿ ಜೆರ್ಸಿಗೆಂದು ತೆಗೆದಿದ್ದ ಪುನೀತನ ಅಳತೆಯ ಚೀಟಿ ಕೊಟ್ಟೆ. ಜಹೀರ್ ಅದನ್ನು ಎರಡು ಸಲ ಓದಿ, ಕನ್ನಡಕ ಹಣೆಗೇರಿಸಿ, "ಯಾರಿಗೆ ಮೇಡಂ ಇದು, ಲೈಟ್ ಕಂಬಕ್ಕಾ?" ಎಂದ.

ಒಳ್ಳೆಯ ಜೋಕು. ಒಂದು ತಿಂಗಳ ಹಿಂದಾಗಿದ್ದರೆ ಅವನಿಗಿಂತ ಮೊದಲು ನಾನೇ ಹೇಳಿರುತ್ತಿದ್ದೆ.

"ಮಂಡಿ ಹತ್ರ ಸಡಿಲ ಬಿಡಿ," ಎಂದೆ. "ಪೂರ್ತಿ ಬಗ್ಗೋಕೆ ಆಗ್ಬೇಕು."